ಅರ್ಧದಲ್ಲೇ ಕೈ ತೆಗೆಯುವ ಕಲೆ

ಗುಂಗುರನ್ನು ಪೂರ್ತಿ ಅಳಿಸಿಹಾಕುವುದು ಸುಲಭ. ಅರ್ಧ ಸಡಿಲಿಸಿ ಕೈ ತೆಗೆಯುವುದು ಕಷ್ಟ. ಅಮೆರಿಕದ ಕಪ್ಪು ಜನರ ಪಾರ್ಲರುಗಳಲ್ಲಿ ಈ ಅರ್ಧ ಕೆಲಸಕ್ಕೆ ಟೆಕ್ಸ್ಚರೈಸರ್ ಎನ್ನುತ್ತಾರೆ. ಪೆನ್ಸಿಲ್ ಕಡ್ಡಿಗೆ ಸುತ್ತಿದಷ್ಟು ಬಿಗಿಯಾಗಿದ್ದ ಸುರುಳಿ ಬೆರಳಿಗೆ ಸುತ್ತಿದಷ್ಟು ಅಗಲವಾದರೆ ಸಾಕು. ಬಾಚಣಿಗೆ ಹಲ್ಲು ಮುರಿದುಕೊಳ್ಳದೆ ಇಳಿಯುತ್ತದೆ, ಕುಗ್ಗಿ ಕಿವಿಯ ಮೇಲೇ ನಿಂತಿದ್ದ ಕೂದಲು ಹೆಗಲಿನತ್ತ ಬರುತ್ತದೆ, ನೋಡಿದವರಿಗೆ ಮಾತ್ರ ಗುಂಗುರು ಗುಂಗುರಾಗಿಯೇ ಕಾಣುತ್ತದೆ. ತಲೆಗೂದಲಿಗೆ ಮಾಡುವ ರಾಸಾಯನಿಕ ಕೆಲಸಗಳಲ್ಲೆಲ್ಲ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಇದು. ಹೆಚ್ಚು ದಿಗಿಲು ಹುಟ್ಟಿಸುವುದೂ ಇದೇ.

ದಿಗಿಲಿಗೆ ಕಾರಣ ಡಬ್ಬಿಯ ಒಳಗಿದೆ. ಹೊರಗೆ ಮೈಲ್ಡ್ ಎಂದು ಬರೆದಿರುತ್ತದೆ; ಒಳಗಿರುವುದು ಬಹುಮಟ್ಟಿಗೆ ಕೂದಲನ್ನು ಪೂರ್ತಿ ನೆಟ್ಟಗಾಗಿಸುವ ರಿಲ್ಯಾಕ್ಸರಿನದೇ ಕ್ಷಾರ. ಒಂದೋ ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ನಮ್ಮ ಕಾಸ್ಟಿಕ್ ಸೋಡಾ. ಇಲ್ಲವೇ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನ ಕ್ರೀಮಿಗೆ ಗ್ವಾನಿಡಿನ್ ಕಾರ್ಬೊನೇಟ್ ಬೆರೆಸಿ ಹಚ್ಚುವ ಹೊತ್ತಿಗೇ ತಯಾರಿಸುವ ‘ನೋ ಲೈ’ ಬಗೆ. ಎರಡರ ಪಿಎಚ್ ಕೂಡ 12 ದಾಟಿರುತ್ತದೆ. ಯುರೋಪಿನ ಕಾನೂನು ಮನೆಬಳಕೆಯ ಡಬ್ಬಿಯಲ್ಲಿ ಶೇ. 2ರಷ್ಟು, ವೃತ್ತಿಪರರ ಡಬ್ಬಿಯಲ್ಲಿ ಶೇ. 4.5ರಷ್ಟು ಕಾಸ್ಟಿಕ್ ಇರಬಹುದು ಎನ್ನುತ್ತದೆ. ಕೂದಲಿನ ಕೆರಾಟಿನ್ ಎಳೆಗಳನ್ನು ಗಂಧಕದ ಜೋಡಿ ಪರಮಾಣುಗಳು ಸೇತುವೆಯಂತೆ ಹಿಡಿದಿರುತ್ತವೆ. ಕ್ಷಾರ ಒಳಹೊಕ್ಕು ಆ ಜೋಡಿಯಲ್ಲಿ ಒಂದನ್ನು ಕಿತ್ತುಹಾಕುತ್ತದೆ. ಉಳಿದ ಒಂಟಿ ಗಂಧಕದ ಕೊಂಡಿಗೆ ಲ್ಯಾಂಥಿಯೊನಿನ್ ಎಂದು ಹೆಸರು. ಒಮ್ಮೆ ಹಾಗಾದ ಸೇತುವೆ ಮತ್ತೆ ಮೊದಲಿನಂತೆ ಆಗುವುದಿಲ್ಲ.

ಹಾಗಾದರೆ ಮೃದುವಾಗಿರುವುದು ಏನು? ಗಡಿಯಾರ, ಮತ್ತು ಕೈ. ಬೆಲ್ಲದ ಪಾಕವನ್ನು ಒಂದೆಳೆ ಬಂದಾಗಲೇ ಇಳಿಸುವವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಎಷ್ಟು ಸೇತುವೆ ಕಳಚಬೇಕೋ ಅಷ್ಟು ಕಳಚಿದೊಡನೆ ತೊಳೆದುಬಿಡಬೇಕು. ಕೆಲವರು ಮಾಮೂಲಿ ರಿಲ್ಯಾಕ್ಸರಿಗೇ ಎಣ್ಣೆ ಅಥವಾ ಕಂಡಿಷನರ್ ಕಲಸಿ ಅದರ ವೇಗ ತಗ್ಗಿಸುತ್ತಾರೆ. ಅದಕ್ಕೆ ಟೆಕ್ಸ್‌ಲ್ಯಾಕ್ಸ್ ಎಂದು ಇನ್ನೊಂದು ಹೆಸರು.

ಪಳಗಿದವರ ಕೆಲಸ ನೋಡಬೇಕು. ಮೊದಲ ಜಾಣ್ಮೆ ತಲೆ ತೊಳೆಯದಿರುವುದು. ಎರಡು ಮೂರು ದಿನದ ಜಿಡ್ಡು ನೆತ್ತಿಯನ್ನು ಕಾಯುತ್ತದೆ. ಆ ದಿನಗಳಲ್ಲಿ ತುರಿಸಿಕೊಳ್ಳಲೂ ಕೂಡದು, ಉಗುರು ತಾಗಿದ ಗೀರಿನಲ್ಲಿ ಕ್ಷಾರ ಕೆಂಡದಂತೆ ಕುಳಿತುಬಿಡುತ್ತದೆ. ಹಣೆಯ ಅಂಚು, ಕಿವಿ, ಕತ್ತಿನ ಹಿಂಭಾಗಕ್ಕೆಲ್ಲ ವ್ಯಾಸಲೀನ್ ಬಳಿಯುತ್ತಾರೆ. ತಲೆಯನ್ನು ನಾಲ್ಕು ಭಾಗ ಮಾಡಿ, ಹಟಮಾರಿ ಕೂದಲಿರುವಲ್ಲಿ ಶುರುಮಾಡಿ, ಹಣೆಯಂಚಿನ ಎಳೆಗೂದಲನ್ನು ಕೊನೆಗೆ ಮುಟ್ಟುತ್ತಾರೆ. ರಿಲ್ಯಾಕ್ಸರ್ ಹಾಕುವವರು ಬಾಚಣಿಗೆಯ ಬೆನ್ನಿನಿಂದ ಕೂದಲನ್ನು ಒತ್ತಿ ಒತ್ತಿ ನೆಟ್ಟಗೆ ಎಳೆಯುತ್ತಾರೆ. ಟೆಕ್ಸ್ಚರೈಸರ್ ಹಾಕುವವರು ಅಷ್ಟನ್ನು ಮಾಡಲೇಬಾರದು. ಅಗಲ ಹಲ್ಲಿನ ಬಾಚಣಿಗೆಯಿಂದ ಒಮ್ಮೆ ಹರಡಿ ಬಿಡಬೇಕು. ನಡುನಡುವೆ ನಾಲ್ಕು ಕೂದಲ ಮೇಲಿನ ಕ್ರೀಮನ್ನು ಒರೆಸಿ, ಸುರುಳಿ ಎಷ್ಟು ಬಿಚ್ಚಿದೆ ಎಂದು ನೋಡುತ್ತಿರಬೇಕು. ಬೇಕಾದುದಕ್ಕಿಂತ ಸ್ವಲ್ಪ ಬಿಗಿ ಇದ್ದಾಗಲೇ ನಲ್ಲಿ ತಿರುಗಿಸುವವರು ಗೆದ್ದರು, ಏಕೆಂದರೆ ತೊಳೆಯಲು ಹಿಡಿಯುವ ನಿಮಿಷಗಳಲ್ಲೂ ಕ್ಷಾರ ದುಡಿಯುತ್ತಲೇ ಇರುತ್ತದೆ. ಆಮೇಲೆ ನ್ಯೂಟ್ರಲೈಸಿಂಗ್ ಶಾಂಪೂ. ಕೆಲವು ಶಾಂಪೂಗಳಲ್ಲಿ ಕ್ಷಾರ ಉಳಿದಿದ್ದರೆ ನೊರೆ ಗುಲಾಬಿಯಾಗುತ್ತದೆ. ಬಿಳಿ ನೊರೆ ಬರುವ ತನಕ ಬಿಡುವಂತಿಲ್ಲ. ಇಷ್ಟೆಲ್ಲ ಮಾಡಿಯೂ ನೆತ್ತಿಯಲ್ಲೊಂದು ತರ, ಕತ್ತಿನಲ್ಲಿ ಇನ್ನೊಂದು ತರ ಆಗಬಹುದು. ಪೂರ್ತಿ ನೆಟ್ಟಗಾದ ಕೂದಲಿನಲ್ಲಿ ಇಂಥ ಏರುಪೇರು ಅಡಗಿಹೋಗುತ್ತದೆ, ಅರ್ಧ ಕೆಲಸದಲ್ಲಿ ಎದ್ದು ಕಾಣುತ್ತದೆ.

ಈ ವಿದ್ಯೆಯ ವಂಶಾವಳಿಯೂ ಸ್ವಾರಸ್ಯದ್ದೇ. ಕ್ಲೀವ್‌ಲ್ಯಾಂಡಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಗ್ಯಾರೆಟ್ ಮಾರ್ಗನ್, ಸೂಜಿಯ ಬಿಸಿಗೆ ಉಣ್ಣೆ ಸುಡದಂತೆ ಒಂದು ದ್ರವ ಹುಡುಕುತ್ತಿದ್ದಾಗ ಬಟ್ಟೆಯ ನವಿರು ನೆಟ್ಟಗಾದುದನ್ನು ಕಂಡ, ನೆರೆಮನೆಯ ನಾಯಿಯ ಮೇಲೆ ಪರೀಕ್ಷಿಸಿ ಆಮೇಲೆ ತನ್ನ ತಲೆಗೆ ಹಚ್ಚಿಕೊಂಡ ಎಂಬುದು ಪ್ರಚಲಿತ ಕಥೆ. 1923ರಲ್ಲಿ ಟ್ರಾಫಿಕ್ ಸಿಗ್ನಲ್ಲಿಗೆ ಪೇಟೆಂಟ್ ಪಡೆದವನೂ ಇದೇ ಮಾರ್ಗನ್. ಅವನ ನಂತರದ ಪೀಳಿಗೆಯ ಗಂಡಸರು ಕಾಸ್ಟಿಕ್, ಆಲೂಗಡ್ಡೆ, ಮೊಟ್ಟೆ ಕಲಸಿ ತಲೆಗೆ ಬಳಿದುಕೊಂಡು ಕೂದಲು ನೆಟ್ಟಗಾಗಿಸುವ ‘ಕಾಂಕ್’ ಮಾಡಿಸಿಕೊಂಡರು. ಆ ಉರಿಯನ್ನೂ ಆಮೇಲಿನ ನಾಚಿಕೆಯನ್ನೂ ಕಪ್ಪು ಜನರ ನಾಯಕ ಮಾಲ್ಕಂ ಎಕ್ಸ್ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. 1954ರಲ್ಲಿ ಶಿಕಾಗೊದ ಜಾರ್ಜ್ ಜಾನ್ಸನ್ ಆ ಮನೆಮದ್ದನ್ನು ಹದವಾದ ಕ್ರೀಮು ಮಾಡಿ ಡಬ್ಬಿಗೆ ತುಂಬಿದ. ಸಾಲ ಕೊಡುವ ಸಂಸ್ಥೆಯಲ್ಲಿ ವ್ಯಾಪಾರಕ್ಕೆ ಎಂದಾಗ ಸಾಲ ಸಿಗಲಿಲ್ಲ. ಇನ್ನೊಂದು ಶಾಖೆಗೆ ಹೋಗಿ ಪ್ರವಾಸಕ್ಕೆ ಎಂದಾಗ 250 ಡಾಲರ್ ಸಿಕ್ಕಿತು. 1970ರ ದಶಕದ ನಡುವಿನಲ್ಲಿ ಅಮೆರಿಕದ ಸರ್ಕಾರ ಅವನ ಡಬ್ಬಿಯ ಮೇಲೆ ಕಾಸ್ಟಿಕ್ಕಿನ ಎಚ್ಚರಿಕೆ ಹಾಕಿಸಿತು. ಅದೇ ಕಾಸ್ಟಿಕ್ ಮಾರುತ್ತಿದ್ದ ರೆವ್ಲಾನ್‌ಗೆ ಆ ಎಚ್ಚರಿಕೆ ಬಂದದ್ದು ಎಷ್ಟೋ ತಿಂಗಳ ಬಳಿಕ. ಅಷ್ಟರಲ್ಲಿ ಗಿರಾಕಿಗಳು ಕೈಜಾರಿದ್ದರು.

ಕೂದಲನ್ನು ಹುಟ್ಟಿದಂತೆಯೇ ಬಿಡಬೇಕು ಎನ್ನುವವರ ದನಿ ಈಗ ಅಲ್ಲಿ ಜೋರಾಗಿದೆ. ಗುಂಗುರು, ಹೆಣೆದ ಜಡೆಗಳ ಕಾರಣಕ್ಕೆ ಕೆಲಸದಲ್ಲಿ, ಶಾಲೆಯಲ್ಲಿ ತಾರತಮ್ಯ ಮಾಡಕೂಡದು ಎಂದು ಕ್ಯಾಲಿಫೋರ್ನಿಯಾ 2019ರಲ್ಲಿ ಕಾನೂನನ್ನೇ ತಂದಿತು. ಆ ಬಳಗದ ಕಟ್ಟಾ ಮಂದಿಗೆ ಟೆಕ್ಸ್ಚರೈಸರ್ ಎಂದರೆ ಕಳ್ಳದಾರಿ. ಅರ್ಧ ಹಚ್ಚಿದರೂ ರಿಲ್ಯಾಕ್ಸರ್ ರಿಲ್ಯಾಕ್ಸರೇ ಎಂಬ ವಾದ. ರಸಾಯನದ ಲೆಕ್ಕದಲ್ಲಿ ಅವರ ಮಾತನ್ನು ತಳ್ಳಿಹಾಕಲಾರೆ. ಆದರೆ ಸಿಕ್ಕು ಬಿಡಿಸಲು ಪ್ರತಿ ವಾರ ಅರ್ಧ ದಿನ ಕಳೆಯುವವಳಿಗೆ ಒಂದು ಗಂಟೆ ಉಳಿಸಿಕೊಡುವ ಕೆಲಸವನ್ನು ಬಿಳಿಯರ ಅನುಕರಣೆ ಎಂದು ಹೀಗಳೆಯುವುದೂ ನನ್ನಿಂದಾಗದು. ಅವಳು ಗುಂಗುರನ್ನು ಬೇಡ ಎನ್ನುತ್ತಿಲ್ಲ, ಅದರೊಂದಿಗೆ ಒಪ್ಪಂದಕ್ಕೆ ಬರುತ್ತಿದ್ದಾಳೆ.

ನಿಜವಾದ ಆಕ್ಷೇಪ ಬೇರೆ ಕಡೆಯಿಂದ ಬಂದಿದೆ. ಮೂವತ್ತಮೂರು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಹತ್ತಿರ ಹತ್ತಿರ 11 ವರ್ಷ ಗಮನಿಸಿದ ಅಮೆರಿಕದ ಸಿಸ್ಟರ್ ಸ್ಟಡಿ 2022ರಲ್ಲಿ ಒಂದು ಲೆಕ್ಕ ಕೊಟ್ಟಿತು. ಕೂದಲು ನೆಟ್ಟಗೆ ಮಾಡುವ ಉತ್ಪನ್ನಗಳನ್ನು ಬಳಸದವರಲ್ಲಿ 70 ವರ್ಷದೊಳಗೆ ಗರ್ಭಾಶಯದ ಕ್ಯಾನ್ಸರ್ ಬರುವ ಅಂದಾಜು ಶೇ. 1.64, ಪದೇ ಪದೇ ಬಳಸುವವರಲ್ಲಿ ಶೇ. 4.05. ಇದು ನಂಟು ತೋರಿಸುತ್ತದೆ, ಕಾರಣವನ್ನು ಸಾಬೀತು ಮಾಡುವುದಿಲ್ಲ. ಹಾಗೆಂದು ಬದಿಗಿಡುವಷ್ಟು ಸಣ್ಣ ಅಂತರವೂ ಅಲ್ಲ. ವರ್ಷಕ್ಕೆ ಎರಡೋ ಮೂರೋ ಬಾರಿ, ಹೊಸದಾಗಿ ಬೆಳೆದ ಬುಡಕ್ಕೆ ಮಾತ್ರ, ನೆತ್ತಿಗೆ ತಾಗದಂತೆ ಹಚ್ಚುವುದು ಎಂದು ನಾನು ಹೇಳುವುದು ಇದಕ್ಕೇ. ಮಕ್ಕಳ ತಲೆಗಂತೂ ಬೇಡವೇ ಬೇಡ.

ನಮ್ಮಲ್ಲಿ ಬಿಗಿ ಗುಂಗುರು ಇಲ್ಲದಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳಿದ್ದಾರೆ, ಬೆಂಗಳೂರಿನ ಕಮ್ಮನಹಳ್ಳಿ ಕಡೆ ಆಫ್ರಿಕಾದಿಂದ ಓದಲು ಬಂದವರಿದ್ದಾರೆ. ಆದರೆ ನಮ್ಮ ಹೆಚ್ಚಿನ ಪಾರ್ಲರುಗಳ ಕೈ ಪಳಗಿರುವುದು ಸ್ಮೂತ್‌ನಿಂಗ್, ರೀಬಾಂಡಿಂಗ್‌ಗಳಲ್ಲಿ. ಅಲ್ಲಿ ಬಳಸುವುದು ಥಯೋಗ್ಲೈಕೊಲೇಟ್. ಅದು ಗಂಧಕದ ಜೋಡಿಯನ್ನು ಬಿಡಿಸುತ್ತದೆ, ಕೂದಲಿಗೆ ಹೊಸ ಆಕಾರ ಕೊಟ್ಟ ಮೇಲೆ ನ್ಯೂಟ್ರಲೈಸರ್ ಮತ್ತೆ ಜೋಡಿಸುತ್ತದೆ. ಈ ಥಯೋಗ್ಲೈಕೊಲೇಟೂ ಟೆಕ್ಸ್ಚರೈಸರಿನ ಕ್ಷಾರವೂ ಒಂದೇ ಕೂದಲಿನ ಮೇಲೆ ಕೂಡಿದರೆ ಎಳೆ ತುಂಡಾಗಿ ಕೈಗೇ ಬರುತ್ತದೆ. ಸಂಬಂಧಿಕರು ವಿದೇಶದಿಂದ ತಂದುಕೊಟ್ಟ ಟೆಕ್ಸ್ಚರೈಸರ್ ಡಬ್ಬಿ ಕಪಾಟಿನಲ್ಲಿದ್ದು, ಕಳೆದ ವರ್ಷ ನೀವು ಸ್ಮೂತ್‌ನಿಂಗ್ ಮಾಡಿಸಿದ್ದರೆ, ಆ ಕೂದಲು ಬೆಳೆದು ಕತ್ತರಿಗೆ ಹೋಗುವ ತನಕ ಡಬ್ಬಿ ತೆರೆಯಬೇಡಿ. ತಲೆಗೂದಲು ತಿಂಗಳಿಗೆ ಅರ್ಧ ಇಂಚಿನ ಆಸುಪಾಸು ಬೆಳೆಯುತ್ತದೆ. ಅಷ್ಟರಲ್ಲಿ ಡಬ್ಬಿಯ ವಾಯಿದೆ ಮುಗಿದಿದ್ದರೆ ಎಸೆದುಬಿಡಿ.