ಮಂಜಿನ ಮೇಲಿನ ರಕ್ತ ಮತ್ತು ದೂರದ ಕರುಣೆ

ಶಾಲೆಯ ಪುಸ್ತಕದಲ್ಲಿ ನಾವು ಕಂಡ ಎಸ್ಕಿಮೊ ನೆನಪಿದ್ದಾನೆಯೇ? ಮಂಜಿನ ಮನೆ, ತುಪ್ಪಳದ ಅಂಗಿ, ಕೈಯಲ್ಲೊಂದು ಈಟಿ. ಈ ರೂಪವನ್ನು ಜಗತ್ತಿನ ಮನಸ್ಸಿನಲ್ಲಿ ಅಚ್ಚೊತ್ತಿದ್ದರಲ್ಲಿ ರಾಬರ್ಟ್ ಫ್ಲಾಹರ್ಟಿಯ 'ನಾನೂಕ್ ಆಫ್ ದಿ ನಾರ್ತ್' (1922) ಚಿತ್ರದ ಪಾಲು ದೊಡ್ಡದು. ಆದರೆ ಆ ಹೊತ್ತಿಗಾಗಲೇ ಅಲ್ಲಿನ ಬೇಟೆಗಾರರ ಕೈಗೆ ಬಂದೂಕು ಬಂದಿತ್ತು. ಕ್ಯಾಮರಾಕ್ಕಾಗಿ ಅವರು ಅದನ್ನು ಬದಿಗಿಟ್ಟು ಈಟಿ ಹಿಡಿಯಬೇಕಾಯಿತು. ನಾನೂಕನಾಗಿ ನಟಿಸಿದವನ ನಿಜವಾದ ಹೆಸರು ಅಲ್ಲಕರಿಯಲ್ಲಕ್.

ಹೊರಗಿನವರು 'ಎಸ್ಕಿಮೊ' ಎಂದು ಕರೆದ ಈ ಜನ ತಮ್ಮನ್ನು ಇನೂಯಿಟ್ ಎಂದು ಕರೆದುಕೊಳ್ಳುತ್ತಾರೆ. ಅವರಲ್ಲೇ ಒಬ್ಬಳಾದ ಅಲೆಥಿಯಾ ಅರ್ನಾಕುಕ್-ಬರಿಲ್ 2016ರಲ್ಲಿ 'ಆ್ಯಂಗ್ರಿ ಇನೂಕ್' ಎಂಬ ಸಾಕ್ಷ್ಯಚಿತ್ರ ಮಾಡಿದಳು. ಕೋಪವನ್ನು ಕೂಗಾಡಿ ತೋರಿಸುವುದು ಆ ಸಮುದಾಯದ ರೂಢಿಯಲ್ಲ. ಮೆಲುದನಿಯಲ್ಲಿ ಮಾತಾಡುವವರ ಸಿಟ್ಟನ್ನು ಜಗತ್ತು ಹೇಗೆ ಕೇಳಿಸಿಕೊಳ್ಳಬೇಕು ಎಂಬುದೇ ಚಿತ್ರದ ಪ್ರಶ್ನೆ.

ಸೀಲ್ ಪ್ರಾಣಿಯನ್ನು ಕೊಯ್ಯುವ ದೃಶ್ಯದಲ್ಲಿ ನಾನು ಮುಖ ತಿರುಗಿಸಿದೆ. ಆದರೆ ಮರುಕ್ಷಣ ಅದೇ ಮಾಂಸದ ಸುತ್ತ ಹಿರಿಯರು, ಮಕ್ಕಳು ಒಟ್ಟಿಗೆ ಕೂತು ಉಣ್ಣುವುದನ್ನು ಕಂಡಾಗ ನನ್ನ ಅಸಹ್ಯದ ಬಗ್ಗೆ ನನಗೇ ನಾಚಿಕೆಯೆನಿಸಿತು. ಬೇಸಾಯವಿಲ್ಲದ ನಾಡು ಅದು. ಹಡಗು, ವಿಮಾನದಲ್ಲಿ ಬರುವ ದಿನಸಿಗೆ ವಿಪರೀತ ಬೆಲೆ. ಮಾಂಸ ಹೊಟ್ಟೆಗಾದರೆ, ಚರ್ಮ ಮಾರಿ ಬಂದ ಹಣ ಮುಂದಿನ ಬೇಟೆಯ ಪೆಟ್ರೋಲಿಗೆ, ಗುಂಡಿಗೆ.

1983ರಲ್ಲಿ ಯುರೋಪಿನ ರಾಷ್ಟ್ರಗಳು ಸೀಲ್ ಮರಿಗಳ ಚರ್ಮದ ಆಮದನ್ನು ನಿಷೇಧಿಸಿದವು. ಇನೂಯಿಟರು ಮುಖ್ಯವಾಗಿ ಬೇಟೆಯಾಡುವುದು ಆ ಬಿಳಿ ಮರಿಗಳನ್ನಲ್ಲ. ಆದರೂ ಅವರ ಮಾರುಕಟ್ಟೆಯೂ ಕುಸಿಯಿತು. 2009ರ ಇನ್ನೂ ವಿಸ್ತಾರವಾದ ನಿಷೇಧದಲ್ಲಿ ಅವರಿಗೆ ವಿನಾಯಿತಿ ಕೊಡಲಾಯಿತು. ಷರತ್ತೇನೆಂದರೆ, ಬೇಟೆ ಸಾಂಪ್ರದಾಯಿಕವಾಗಿರಬೇಕು, ಜೀವನೋಪಾಯಕ್ಕೆ ನೆರವಾಗಬೇಕು. ಆದರೆ ಕೊಳ್ಳುವವರೇ ಹೆದರಿ ದೂರ ಸರಿದ ಮೇಲೆ ವಿನಾಯಿತಿಯಿಂದೇನು ಲಾಭ? 2014ರಲ್ಲಿ ಕೆನಡಾದ ಗ್ರೀನ್‌ಪೀಸ್ ತನ್ನ ಹಿಂದಿನ ಪ್ರಚಾರದಿಂದಾದ ಹಾನಿಗಾಗಿ ಇನೂಯಿಟರ ಕ್ಷಮೆ ಕೇಳಿತು. ಕ್ಷಮೆಯೇನೋ ಬಂತು, ಕಳೆದುಹೋದ ಆದಾಯ ಮರಳಲಿಲ್ಲ.

ನನಗೆ ಈ ವಿನಾಯಿತಿಯಲ್ಲಿ ಫ್ಲಾಹರ್ಟಿಯ ಕ್ಯಾಮರಾವೇ ಕಾಣುತ್ತದೆ. ಬೇಟೆಗಾರ ಈಟಿ ಹಿಡಿದಿರುವವರೆಗೆ ಅವನು ನಮಗೆ ಪ್ರಿಯ. ಬಂದೂಕು, ಮೋಟಾರು ದೋಣಿ, ಕೈಯಲ್ಲಿ ನಾಲ್ಕು ಕಾಸು ಬಂದೊಡನೆ ಅವನ ಸಂಪ್ರದಾಯ ನಮಗೆ ಸುಳ್ಳಾಗುತ್ತದೆ. ಚಿತ್ರದಲ್ಲಿ ಬರುವ ಆಯು ಪೀಟರ್ ಕಾನೂನು ಓದಿದವರು, ಸೀಲ್ ಚರ್ಮದ ಉಡುಪು ಹೊಲಿಯುವವರು. ಅವರು ಬೇಡುತ್ತಿರುವುದು ಕನಿಕರವನ್ನಲ್ಲ, ವ್ಯಾಪಾರದ ಹಕ್ಕನ್ನು.

ಚಿತ್ರದ ದೌರ್ಬಲ್ಯವೂ ಇಲ್ಲಿಯೇ ಇದೆ. ವ್ಯಾಪಾರವನ್ನು ಸಮರ್ಥಿಸಿಕೊಂಡ ಮೇಲೆ, ಹೊಟ್ಟೆಪಾಡು ಎಲ್ಲಿ ಮುಗಿದು ಲಾಭಕೋರತನ ಎಲ್ಲಿ ಶುರುವಾಗುತ್ತದೆ ಎಂಬ ಪ್ರಶ್ನೆ ಏಳಲೇಬೇಕು. ಕೆನಡಾದ ಪೂರ್ವ ಕರಾವಳಿಯ ಭಾರೀ ವಾಣಿಜ್ಯ ಬೇಟೆಯನ್ನೂ ಇನೂಯಿಟರ ಬೇಟೆಯನ್ನೂ ಒಂದೇ ಉಸಿರಿನಲ್ಲಿ ಸಮರ್ಥಿಸಬಹುದೇ? ನಿರ್ದೇಶಕಿ ಈ ಪ್ರಶ್ನೆಯ ಬಳಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ವಿರೋಧಿಗಳೆಲ್ಲ ದೇಣಿಗೆಗಾಗಿಯೇ ಕಣ್ಣೀರು ಹಾಕುವವರಲ್ಲ. ಪ್ರಾಣಿಯ ನೋವಿಗೆ ನಿಜವಾಗಿ ಮಿಡಿಯುವವರೂ ಅವರಲ್ಲಿದ್ದಾರೆ.

ಸೀಲಿನ ಸಾವು ನನ್ನನ್ನು ಈಗಲೂ ಕಲಕುತ್ತದೆ. ಕಲಕಬೇಕು ಕೂಡ. ಆದರೆ ಬೇರೆಯವರ ತಟ್ಟೆಯಿಂದ ಅನ್ನ ತೆಗೆಯುವ ಮೊದಲು, ಅವರು ನಾಳೆ ಏನು ಉಣ್ಣಬೇಕೆಂದು ಕೇಳದ ಕರುಣೆ ಎಂಥ ಕರುಣೆ?