ಪೋಸ್ಟರಿನ ಮುಂದೆ ಹತ್ತು ನಿಮಿಷ

ವಿಜ್ಞಾನ ಗೋಷ್ಠಿಗಳಲ್ಲಿ ನನಗೆ ರುಚಿಸುವುದು ಮೂರು ದಿನದ ಮಹಾಸಮ್ಮೇಳನವಲ್ಲ, ಬೆಳಿಗ್ಗೆ ಕೂಡಿ ಸಂಜೆ ಚದುರುವ ಕಿರಿಯ ಸಂಶೋಧಕರ ಕೂಟ, ಅದರಲ್ಲೂ ನರವಿಜ್ಞಾನದ್ದು. ಸಮ್ಮೇಳನಕ್ಕೆ ಬರುವುದು ಮುಗಿದ ಕೆಲಸ. ಅಚ್ಚಾದದ್ದನ್ನೇ ದೊಡ್ಡವರು ಮತ್ತೊಮ್ಮೆ ಓದುತ್ತಾರೆ, ಚಪ್ಪಾಳೆ ಬೀಳುತ್ತದೆ. ಕಿರಿಯರ ಕೂಟಕ್ಕೆ ಬರುವುದು ಅರೆಬೆಂದದ್ದು. ಪಿಎಚ್‌ಡಿಯ ನಡುದಾರಿಯಲ್ಲಿರುವ ಹುಡುಗಿ ಪೋಸ್ಟರ್ ಅಂಟಿಸಿ ಪಕ್ಕದಲ್ಲಿ ನಿಂತಿರುತ್ತಾಳೆ. ಚಹಾದ ಲೋಟ ಹಿಡಿದು ಬಂದ ಯಾರೋ ಒಂದು ನಕ್ಷೆಯ ಮೇಲೆ ಬೆರಳಿಟ್ಟು, ‘ಈ ಎರಡು ಚುಕ್ಕಿ ಯಾಕೆ ದೂರ ಉಳಿದವು?’ ಎಂದು ಕೇಳಿದರೆ ಸಾಕು, ಅವಳ ಮುಂದಿನ ಆರು ತಿಂಗಳ ಕೆಲಸ ಬೇರೆ ದಾರಿ ಹಿಡಿಯಬಹುದು.

ಈ ಕೂಟ ಬೆಂಗಳೂರಿನಲ್ಲೇ ಏಕೆ ಆಗಬೇಕು? ನಿಮ್ಹಾನ್ಸ್, ಎನ್‌ಸಿಬಿಎಸ್, ಐಐಎಸ್‌ಸಿಯ ನರವಿಜ್ಞಾನ ಕೇಂದ್ರ ಎಲ್ಲವೂ ಅಲ್ಲಿವೆ, ನಿಜ. ಆದರೆ ಕಾಯಿಲೆ ಹಳ್ಳಿಯಲ್ಲೇ ಹೆಚ್ಚು. ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳ ಒಂದು ಲಕ್ಷಕ್ಕೂ ಮಿಕ್ಕ ಜನರ ಸಮೀಕ್ಷೆ ನಡೆಸಿ ಗೌರಿ ದೇವಿ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ನರರೋಗಗಳ ಪ್ರಮಾಣ ನಗರಕ್ಕಿಂತ ಹಳ್ಳಿಗಳಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು. ಇನ್ನು ಬಿಸಿನೀರಿನ ಅಪಸ್ಮಾರವನ್ನೇ ನೋಡಿ. ಹಂಡೆಯ ಸುಡುನೀರನ್ನು ತಂಬಿಗೆಯ ಮೇಲೆ ತಂಬಿಗೆ ನೆತ್ತಿಗೆ ಸುರಿಯುವಾಗ ಕೆಲವರಿಗೆ ಮೂರ್ಛೆ ಬರುತ್ತದೆ. ನಿಮ್ಹಾನ್ಸ್‌ನ ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ ಇಂಥ 279 ಮಂದಿಯ ವಿವರ ಪ್ರಕಟಿಸಿದರು. ಮಿದುಳಿನ ಈ ವಿಚಿತ್ರವನ್ನು ಮೊದಲು ಕಂಡದ್ದು ಯಂತ್ರವಲ್ಲ. ಬಚ್ಚಲಲ್ಲಿ ಏನಾಯಿತೆಂದು ಮನೆಯವರು ಹೇಳಿದ್ದನ್ನು ಕೂತು ಕೇಳಿಸಿಕೊಂಡ ವೈದ್ಯರು. ಉಪಾಯವೂ ಅಷ್ಟೇ ಸರಳವಾಗಿತ್ತು: ನೀರಿನ ಬಿಸಿ ತಗ್ಗಿಸುವುದು, ಬೇಕಾದವರಿಗೆ ಸ್ನಾನಕ್ಕೆ ಮುಂಚೆ ಒಂದು ಮಾತ್ರೆ. ಕೆಲವು ಮನೆತನಗಳಲ್ಲಿ ಇದು ತಲೆಮಾರಿನಿಂದ ತಲೆಮಾರಿಗೆ ಬರುವುದರಿಂದ ವಂಶವಾಹಿಗಳ ಹುಡುಕಾಟವೂ ನಡೆಯಿತು. ನೆತ್ತಿಗೆ ನೀರು ಸುರಿದುಕೊಳ್ಳುವುದು ಎಲ್ಲ ಕಡೆಯೂ ಇದ್ದರೂ ವರದಿಗಳೇಕೆ ಹಳೇ ಮೈಸೂರಿನ ಕಡೆಯಿಂದಲೇ ಹೆಚ್ಚು? ಇದು ಬೆಂಗಳೂರಿನಲ್ಲಲ್ಲ, ಬೀದರ್ ಜಿಲ್ಲೆಯಲ್ಲಿ ಹುಮನಾಬಾದ್–ಬಸವಕಲ್ಯಾಣದ ನಡುವಿರುವ ರಾಜೇಶ್ವರದಂಥ ಊರಲ್ಲಿ ಕೂಟ ನಡೆಸಿ, ಅಲ್ಲೇ ನಿಂತು ಕೇಳಬೇಕಾದ ಪ್ರಶ್ನೆ.

ಪ್ರಯೋಗಾಲಯವಿಲ್ಲದ ಊರಲ್ಲಿ ಗೋಷ್ಠಿ ಏತಕ್ಕೆ ಎನ್ನುವವರಿದ್ದಾರೆ. ಕೂಟಕ್ಕೆ ಬೇಕಾದ್ದು ಸೂಕ್ಷ್ಮದರ್ಶಕವಲ್ಲ. ಗೋಡೆ, ಕರೆಂಟು, ಚಹಾ. ಬೆಂಗಳೂರಿನವರು ಒಂದು ದಿನಕ್ಕಾಗಿ ರಾತ್ರಿಯಿಡೀ ಪಯಣಿಸಿ ಬಂದಾರೆಯೇ ಎಂಬ ಅನುಮಾನಕ್ಕೆ ತೂಕವಿದೆ. ಹಿರಿಯರು ಬರಲಿಕ್ಕಿಲ್ಲ. ಬಾರದಿದ್ದರೆ ಕಿರಿಯರಿಗೇ ಮಾತು ಹೆಚ್ಚು ಸಿಗುತ್ತದೆ. ಬೀದರಿನ ವೈದ್ಯಕೀಯ ಕಾಲೇಜು, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗಂತೂ ಇದು ಹತ್ತಿರದ ದಾರಿ. ಊರವರಿಗೆ ಏನು ತಿಳಿದೀತು ಎಂಬ ಮೂರನೆಯ ಆಕ್ಷೇಪವೇ ನನಗೆ ಒಗ್ಗದ್ದು. ಮಗುವಿಗೆ ಮೂರ್ಛೆ ಬಂದಾಗ ಮೊದಲು ಓಡಿ ಬರುವ ಆಶಾ ಕಾರ್ಯಕರ್ತೆ ಪೋಸ್ಟರಿನ ಮುಂದೆ ಹತ್ತು ನಿಮಿಷ ನಿಂತರೆ, ‘ನೀವು ಎಣಿಸಿದ್ದು ಆಸ್ಪತ್ರೆಗೆ ಬಂದವರನ್ನ ಅಷ್ಟೇ ಏನ್ರಿ?’ ಎಂದು ಕೇಳಿಯಾಳು. ಪರಿಣತರೂ ಎಷ್ಟೋ ಸಲ ಕೇಳಲು ಮರೆಯುವ ಪ್ರಶ್ನೆ ಅದು. ಅದಕ್ಕಾಗಿ ಪೋಸ್ಟರಿನ ತಲೆಬರಹ, ಚಿತ್ರದ ಕೆಳಗಿನ ಸಾಲುಗಳಾದರೂ ಕನ್ನಡದಲ್ಲಿರಬೇಕು.

ಕಲ್ಯಾಣದ ನೆಲದಲ್ಲಿ ಗೋಷ್ಠಿಯೆಂದರೆ ಅನುಭವ ಮಂಟಪದ ಹೆಸರು ತಾನಾಗಿ ನಾಲಿಗೆಗೆ ಬರುತ್ತದೆ. ಅದನ್ನು ಸ್ವಾಗತ ಭಾಷಣದವರಿಗೇ ಬಿಡೋಣ. ಆ ಭಾಷಣ, ಹಾರ, ಶಾಲು, ನೆನಪಿನ ಕಾಣಿಕೆ ಎಲ್ಲ ಹತ್ತು ಗಂಟೆಯೊಳಗೆ ಮುಗಿಯಲಿ. ನಮ್ಮ ಕಡೆ ಒಂದು ದಿನದ ಕಾರ್ಯಕ್ರಮ ಅರ್ಧ ದಿನದ್ದಾಗುವುದು ಅಲ್ಲೇ.