ನೂರಕ್ಕಿಂತ ಕಡಿಮೆ ಮಂದಿ

ಆಂಟಿವೈರಸ್‌ಗಳ ಗುಣದೋಷ ಹೇಳುವವರಲ್ಲಿ ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಸಂಸ್ಥೆಗೆ ದೊಡ್ಡ ಹೆಸರು. ಯಾವುದು ಎಷ್ಟು ಮಾಲ್‌ವೇರ್ ಹಿಡಿಯಿತು ಎಂಬುದಷ್ಟೇ ಅಲ್ಲ, ಎಷ್ಟು ನಿರಪರಾಧಿ ಫೈಲುಗಳ ಮೇಲೆ ಸುಳ್ಳು ಆರೋಪ ಹೊರಿಸಿತು ಎಂಬುದಕ್ಕೂ ಅಲ್ಲಿ ಪ್ರತ್ಯೇಕ ವರದಿ ಇದೆ. ಅದಕ್ಕೆ ಶಹಬ್ಬಾಸ್ ಎನ್ನಲೇಬೇಕು. ನನ್ನ ತಕರಾರು ಆ ವರದಿಯ ಒಂದು ಪುಟ್ಟ ಕೋಷ್ಟಕದ ಬಗ್ಗೆ.

ಸುಳ್ಳು ಆರೋಪದಿಂದ ಎಷ್ಟು ಜನರಿಗೆ ತೊಂದರೆಯಾದೀತು ಎಂದು ಅಂದಾಜಿಸಿ ಅಲ್ಲಿ ಐದು ಮೆಟ್ಟಿಲು ಮಾಡಿದ್ದಾರೆ. ಮೇಲಿನದು ಲಕ್ಷಾಂತರ ಬಳಕೆದಾರರದು. ಕೆಳಗಿನದು ನೂರಕ್ಕಿಂತ ಕಡಿಮೆ ಮಂದಿಯದು: ಬಿಡಿ ಪ್ರಕರಣ, ಹಳೆಯ ಅಥವಾ ಅಪರೂಪದ ಫೈಲು. ಓದಲು ನ್ಯಾಯವಾಗಿಯೇ ಇದೆ. 2010ರಲ್ಲಿ ಮ್ಯಾಕಫಿ ಆಂಟಿವೈರಸ್ ವಿಂಡೋಸ್ ಎಕ್ಸ್‌ಪಿಯ ಎಸ್‌ವಿಸಿಹೋಸ್ಟ್ ಫೈಲನ್ನೇ ವೈರಸ್ ಎಂದುಕೊಂಡು ಜಗತ್ತಿನಾದ್ಯಂತ ಕಂಪ್ಯೂಟರುಗಳನ್ನು ಮಲಗಿಸಿದ್ದಕ್ಕೂ ಯಾರೋ ಒಬ್ಬಾತ ಬರೆದ ಪುಟ್ಟ ಬಾರ್‌ಕೋಡ್ ಪ್ರೋಗ್ರಾಮು ಅಳಿಸಿಹೋಗುವುದಕ್ಕೂ ಒಂದೇ ತೂಕವೇ ಎಂದು ಕೇಳಬಹುದು.

ಆದರೆ ಆ ಪ್ರೋಗ್ರಾಮನ್ನು ಹಿಡಿದದ್ದಾದರೂ ಏಕೆ? ಬಹಳ ಸಲ ಅದು ಅಪರೂಪದ್ದು ಎಂಬುದೇ ಒಂದು ಕಾರಣ. ಇವತ್ತು ಬೆಳಿಗ್ಗೆ ಬಿಲ್ಡ್ ಆದ ಫೈಲಿಗೆ ಬಳಕೆದಾರರಿಲ್ಲ, ಚರಿತ್ರೆ ಇಲ್ಲ, ಹಾಗಾಗಿ ಅನುಮಾನ. ಊರಿಗೆ ಹೊಸಬನೆಂದು ಹಿಡಿದು ಬಡಿದು, ಆಮೇಲೆ ‘ಇವನನ್ನು ಬಲ್ಲವರೇ ಇಲ್ಲ, ದೊಡ್ಡ ತಪ್ಪೇನಲ್ಲ ಬಿಡಿ’ ಎಂದಂತಾಯಿತು. ಒಂದೇ ಗುಣ ಮೊದಲು ಸಾಕ್ಷಿ, ಆಮೇಲೆ ರಿಯಾಯಿತಿ. ಸಾಲದ್ದಕ್ಕೆ, ಕೆಂಪು ಎಚ್ಚರಿಕೆ ಕಂಡು ಹೆದರಿ ಡಿಲೀಟ್ ಒತ್ತಿದವರು ಬಳಕೆದಾರರ ಲೆಕ್ಕದಿಂದಲೇ ಹೊರಗೆ. ಹಾನಿ ಹೆಚ್ಚಿದಷ್ಟೂ ಎಣಿಕೆ ಇಳಿಯುತ್ತದೆ! ಬಳಕೆದಾರರು ಎಷ್ಟೇ ಕಡಿಮೆಯಿರಲಿ, ಒಳ್ಳೆಯ ಫೈಲನ್ನು ಹಿಡಿಯಬಾರದೆಂದು ವರದಿಯೇ ಹೇಳುತ್ತದೆ, ನಿಜ. ಓದುಗರ ಕಣ್ಣು ನೆಡುವುದು ಮಾತ್ರ ಮೆಟ್ಟಿಲುಗಳ ಮೇಲೆ.

ಇನ್ನು ಉಪದೇಶಕರು. ‘ಪ್ರೋಗ್ರಾಮಿಗೆ ಡಿಜಿಟಲ್ ಸಹಿ ಹಾಕಲು ಕೋಡ್ ಸೈನಿಂಗ್ ಸರ್ಟಿಫಿಕೇಟ್ ತಗೊಳ್ಳಿ, ಎಲ್ಲ ಸರಿಹೋಗುತ್ತದೆ’ ಎನ್ನುವ ಪಂಡಿತರ ಕಾಟ ನನಗೆ ಕಂಪನಿಗಳ ಕಾಟಕ್ಕಿಂತ ಹೆಚ್ಚು. ಅದಕ್ಕೆ ದುಡ್ಡು ಸುರಿಯುತ್ತಲೇ ಇರಬೇಕು. 2023ರ ಜೂನ್‌ನಿಂದ ಅದರ ಕೀಲಿಯನ್ನು ಹಾರ್ಡ್‌ವೇರಿನಲ್ಲೇ ಇಡಬೇಕೆಂಬ ನಿಯಮ ಬೇರೆ. ಉಚಿತವಾಗಿ ಪ್ರೋಗ್ರಾಮು ಹಂಚುವವನು ಇದನ್ನೆಲ್ಲ ಎಲ್ಲಿಂದ ತರಬೇಕು? 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಎಂಬ ಮಾಲ್‌ವೇರಿನ ಡ್ರೈವರುಗಳಿಗೆ ರಿಯಲ್‌ಟೆಕ್, ಜೆಮೈಕ್ರಾನ್ ಕಂಪನಿಗಳ ಕದ್ದ ಸಹಿ ಇತ್ತು ಎಂಬುದನ್ನು ಈ ಪಂಡಿತರು ಮರೆತಂತಿದೆ. ಸಣ್ಣವರ ಮಾತಿರಲಿ, ಗೂಗಲ್‌ನ ಬೆಂಬಲವಿರುವ ಗೋ ಪ್ರೋಗ್ರಾಮಿಂಗ್ ಭಾಷೆಯವರೇ, ನಮ್ಮ ಪ್ರೋಗ್ರಾಮುಗಳನ್ನು ಆಂಟಿವೈರಸ್ ಏಕೆ ಹಿಡಿಯುತ್ತದೆ ಎಂಬ ಪ್ರಶ್ನೆಗೆ ತಮ್ಮ ಅಧಿಕೃತ ಪ್ರಶ್ನೋತ್ತರದಲ್ಲಿ ಜಾಗ ಕೊಡಬೇಕಾಗಿದೆ.

‘ಒಂದೇ ಫೈಲನ್ನು ಹಲವು ಆಂಟಿವೈರಸ್‌ಗಳಿಂದ ಪರೀಕ್ಷಿಸುವ ವೈರಸ್‌ಟೋಟಲ್ ತಾಣದಲ್ಲಿ ಹತ್ತು ಎಂಜಿನ್‌ಗಳು ಹಿಡಿದಿವೆಯಲ್ಲ’ ಎಂಬ ವಾದವೂ ಉಂಟು. 2010ರಲ್ಲಿ ಆಂಟಿವೈರಸ್ ಕಂಪನಿ ಕ್ಯಾಸ್ಪರ್‌ಸ್ಕಿಯವರು 20 ನಿರುಪದ್ರವಿ ಫೈಲುಗಳನ್ನು ತಯಾರಿಸಿ, ಹತ್ತಕ್ಕೆ ಬೇಕೆಂದೇ ಸುಳ್ಳು ಹಣೆಪಟ್ಟಿ ಹಚ್ಚಿ ಅಲ್ಲಿಗೆ ಬಿಟ್ಟರು. ಹತ್ತು ದಿನಗಳಲ್ಲಿ ಹಣೆಪಟ್ಟಿ ಹಚ್ಚಿದ ಆ ಹತ್ತು ಫೈಲುಗಳನ್ನು ಗರಿಷ್ಠ 14 ಬೇರೆ ಕಂಪನಿಗಳು ಹಿಡಿಯತೊಡಗಿದ್ದವು. ಹತ್ತು ಬಾಯಿಂದ ಬಂದ ಮಾತ್ರಕ್ಕೆ ಹತ್ತು ಸಾಕ್ಷಿಯಾಗುವುದಿಲ್ಲ.

ಎವಿ-ಕಂಪ್ಯಾರೆಟಿವ್ಸ್ ಆ ಮೆಟ್ಟಿಲುಗಳನ್ನು ಕಿತ್ತುಹಾಕಿ, ಡೆವಲಪರ್ ದೂರು ಕೊಟ್ಟ ದಿನದಿಂದ ಫೈಲು ಬಿಡುಗಡೆಯಾಗುವವರೆಗೆ ಯಾವ ಕಂಪನಿ ಎಷ್ಟು ದಿನ ತೆಗೆದುಕೊಂಡಿತು, ಅಷ್ಟಾದ ಮೇಲೆ ಮುಂದಿನ ವರ್ಷನ್ನನ್ನೂ ಹಿಡಿಯಿತೇ ಎಂಬ ಎರಡು ಕಾಲಂಗಳನ್ನು ಹಾಕಲಿ.